ಏಳನೆಯ ಎಲೆ

ವೇದಿಕೆಯ ನಡುವಣ ಕುರ್ಚಿಯನ್ನು ಅಲಂಕರಿಸಿರುವ ಮಾನ್ಯ ಅಧ್ಯಕ್ಷರಾದ ವಕೀಲ ಚನಿಯಪ್ಪನವರೇ, ಅವರ ಎಡಬಲಗಳಲ್ಲಿರುವ ಅತಿಥಿ ಮಹನೀಯರೇ, ಕೈಯಲ್ಲಿ ಗಂಟೆ ಹಿಡಿದು ನನ್ನನ್ನೇ ನೋಡುತ್ತಿರುವ ಕಾರ್ಯದರ್ಶಿ ಜಯಪ್ಪನವರೇ, ಎದುರು ಬೆಂಚುಗಳ ಸಭಿಕರೇ, ಮತ್ತು ಬಲಗಡೆಯ ಪರದೆಯಾಚೆ ಕುಳಿತಿರುವ ತಾಯಂದಿರೇ,

ತಾಯಂದಿರನ್ನು ಕೊನೆಗೆ ಕರೆದೆ. ಸಭೆಯ ಪದ್ಧತಿ ಹಾಗೆ. ಆದರೆ ನನ್ನ ಇವತ್ತಿನ ಮಾತು ಮುಖ್ಯವಾಗಿ ಅವರೊಡನೆ. ಆ ಪರದೆಯನ್ನು ಯಾರಾದರೂ ಒಂದು ಮೊಳ ಸರಿಸಿದರೆ ಉಪಕಾರವಾದೀತು. ಹೆಂಚಿನ ಮೇಲೆ ಮಳೆ ಹೀಗೆ ಹೊಡೆಯುತ್ತಿರುವಾಗ ನನ್ನ ಸ್ವರ ಅಲ್ಲಿಯ ತನಕ ಮುಟ್ಟಬೇಕು.

ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ, ಹೊಸ ಮನೆ ಹೊಗುವುದಿಲ್ಲ. ನನಗೆ ಮಾತ್ರ ಯಾಕೆ ಆಟಿಯಲ್ಲಿ ಶಾಲು ಎಂದು ಕಾರ್ಯದರ್ಶಿಗಳನ್ನು ಕೇಳಿದೆ. "ಈ ತಿಂಗಳು ಹಾಲ್ ಖಾಲಿ ಉಂಟು ಮಾರಾಯ್ರೇ" ಎಂದರು. ಸಭಿಕರೇ, ಸತ್ಯ ಹೇಳಿದವರ ಮೇಲೆ ಸಿಟ್ಟು ಮಾಡಲಿಕ್ಕೆ ಬರುತ್ತದೆಯೇ?

ಈ ಮೂವತ್ತೆಂಟನೆಯ ಇಸವಿಯಲ್ಲಿ ನಮ್ಮ ಸಮಾಜದ ವಾಚನಾಲಯಕ್ಕೆ ಹತ್ತು ವರ್ಷ ತುಂಬಿತು. ಆ ಸಂತೋಷದಲ್ಲಿ ಈ ಮಾಯಿಲಪ್ಪನಿಗೂ ಒಂದು ಶಾಲು ಹೊದೆಸಿದ್ದೀರಿ. 'ನಮ್ಮ ಮನೆತನದ ಯಜಮಾನರು' ಎಂಬ ಎಂಬತ್ತು ಪುಟದ ಪುಸ್ತಕ ಬರೆದೆನಲ್ಲ, ಅದಕ್ಕೆ. ನನ್ನ ಯೋಗ್ಯತೆ ಏನು? ಹೆಂಚಿನ ಕಂಪೆನಿಯೊಂದರಲ್ಲಿ ಮೂವತ್ತೊಂದು ವರ್ಷದ ಗುಮಾಸ್ತಿಕೆ. ಅದಕ್ಕೂ ಹಿಂದೆ ಎಫ್.ಎ. ಕ್ಲಾಸಿನಲ್ಲಿ ಎರಡು ವರ್ಷ. ಪರೀಕ್ಷೆಯ ವಿಷಯ ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಚರಿತ್ರೆಯ ಪ್ರೊಫೆಸರರು ಮೇಜಿನ ಮೇಲೆ ಬೆರಳು ಕುಟ್ಟುತ್ತಾ ಹೇಳುತ್ತಿದ್ದ ಒಂದು ವಾಕ್ಯ ಮಾತ್ರ ನೆನಪಿದೆ. "ಜೆಂಟಲ್ಮೆನ್, ವಾಟ್ ಈಸ್ ನಾಟ್ ರಿಟನ್..." ಮುಂದಿನದು ಮರೆತಿದೆ. ಬರೆಯದೆ ಇದ್ದದ್ದು ಏನೋ ಆಗುತ್ತದೆ ಎಂದು ಅವರ ಅಭಿಪ್ರಾಯ. ಏನಾಗುತ್ತದೆ ಎಂಬುದನ್ನು ನಾನು ನೋಟ್ಸ್ ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ.

ಬರೆಯದೆ ಇದ್ದದ್ದು ಇಲ್ಲವೇ ಇಲ್ಲ ಎಂದೇ ನಾನು ತಿಳಿದೆ. ಹಾಗೆ ತಿಳಿದು ಮೂರು ವರ್ಷ ಕಾಗದಗಳ ಬೆನ್ನು ಹತ್ತಿದೆ. ನಂತೂರಿನ ಗುಡ್ಡೆ ಹತ್ತಿ ಇಳಿದು, ಕಾವೂರು ದಾಟಿ, ಬಜಪೆಯ ಪಟೇಲರ ಮನೆಯ ತನಕ ಎಷ್ಟು ಸಲ ನಡೆದೆನೋ! ಅಲ್ಲಿ ಅಟ್ಟದ ಮೇಲೆ ನಮ್ಮ ಹಿರಿಯರ ಕಾಲದ ಕಡತ ಉಂಟು ಎಂದಿದ್ದರು. ಉಂಟು, ಸುಳ್ಳಲ್ಲ. ಆದರೆ ನನಗಿಂತ ಮೊದಲೇ ಗೆದ್ದಲು ಅದನ್ನು ಓದಿ ಮುಗಿಸಿತ್ತು. ತಾಳೆಗರಿಯ ಒಂದು ಕಟ್ಟೂ ಇತ್ತಂತೆ. ಅದು ಎಲ್ಲಿ ಎಂದು ಪಟೇಲರ ಅತ್ತೆಯನ್ನು ಕೇಳಿದೆ. "ಓ ಅದಾ? ಚೆನ್ನಾಗಿ ಉರೀತಿತ್ತು" ಎಂದರು. ಬಚ್ಚಲ ಒಲೆಗೆ ಹೋಗಿತ್ತು ನಮ್ಮ ಚರಿತ್ರೆ. ಯಾರೋ ಬಿಸಿನೀರು ಮಿಂದರು.

ಆದರೂ ಬಿಡಲಿಲ್ಲ. ಒಂದು ಹಳೆಯ ಗೇಣಿ ಚೀಟಿ, ಒಂದು ಜಗಳದ ತೀರ್ಪು, ದೈವಸ್ಥಾನದ ಗಂಟೆಯ ಮೇಲೆ ಕೆತ್ತಿದ ಹೆಸರು, ಹೀಗೆ ಹೆಕ್ಕಿ ಹೆಕ್ಕಿ ಇನ್ನೂರು ವರ್ಷದ ಹನ್ನೊಂದು ಮಂದಿ ಯಜಮಾನರನ್ನು ಸಾಲಾಗಿ ನಿಲ್ಲಿಸಿದೆ. ಮಾವ, ಅಳಿಯ, ಆ ಅಳಿಯನ ಅಳಿಯ. ನಮ್ಮದು ಅಳಿಯಸಂತಾನ. ಮಕ್ಕಳು ತಾಯಿಯ ಬಳಿಗೆ, ಎಂದರೆ ತಾಯಿಯ ಕುಲಕ್ಕೆ, ಸೇರಿದವರು, ಮನೆಯ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ. ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ. ಘಟ್ಟದ ಮೇಲಿನಿಂದ ಬಂದ ಅತಿಥಿಗಳ ತಿಳಿವಳಿಕೆಗೆ ಹೇಳಿದೆ.

ಅಚ್ಚಿನ ಮನೆಯಿಂದ ಪ್ರೂಫ್ ಬಂದ ದಿನ ಮನೆಯವಳನ್ನು ಕರೆದು ಕೂರಿಸಿದೆ. ಆಕೆ ಬೆಸೆಂಟ್ ಅಮ್ಮನವರ ಶಾಲೆಗೆ ಹೋದವಳಲ್ಲ, ಆದರೆ ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಕ್ಕಿ ಆರಿಸುವ ತಡ್ಪೆ ಮಡಿಲಲ್ಲಿ ಇಟ್ಟುಕೊಂಡೇ ಹನ್ನೊಂದು ಹೆಸರನ್ನೂ ಓದಿದಳು.

"ಎಲ್ಲ ಗಂಡಸರೇ ಉಂಟಲ್ಲ?" ಎಂದಳು.

"ಯಜಮಾನರು ಅಂದಮೇಲೆ ಮತ್ತೆ?"

"ಮಾವನಿಂದ ಅಳಿಯನಿಗೆ ಹಾರಿ ಹೋಗ್ಲಿಕ್ಕೆ ಆಗ್ತದಾ? ನಡುವೆ ಒಬ್ಬಳು ಹೆರಬೇಕಲ್ಲ?"

ಅಧ್ಯಕ್ಷರೇ, ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಹನ್ನೊಂದು ಗಂಡಸರ ನಡುವೆ ಹತ್ತು ಹೆಂಗಸರು ನಿಂತಿದ್ದರು, ಅವರಲ್ಲಿ ಒಬ್ಬಳ ಹೆಸರೂ ನನ್ನ ಎಂಬತ್ತು ಪುಟಗಳಲ್ಲಿ ಇರಲಿಲ್ಲ. ತಾಯಿಯಿಂದಲೇ ಬೇರು ಎಣಿಸುವ ಜನ ನಾವು. ತಾಯಂದಿರನ್ನೇ ಬಿಟ್ಟು ಮನೆತನದ ಚರಿತ್ರೆ ಬರೆದ ಬುದ್ಧಿವಂತ ನಾನು. ಬೇರೆ ಯಾವ ಊರಿನ ಮೂರ್ಖನಿಗಾದರೂ ಈ ತಪ್ಪು ಸಾಧ್ಯವಿತ್ತೇ?

ಆಗ ಆಕೆ ತಡ್ಪೆ ಕೆಳಗಿಟ್ಟು ಹೇಳಿದಳು. "ನಿಮ್ಮ ಬಳಿಯದ್ದು ಆಯ್ತು. ನಮ್ಮದೂ ಒಂದು ಬರೀರಿ. ಮಕ್ಕಳು ನನ್ನ ಬಳಿಯವರಲ್ಲವಾ, ಅವರಿಗೆ ಬೇಕಾಗ್ತದೆ. ಏಳು ಹೆಸರುಂಟು, ನಾನು ಹೇಳ್ತೇನೆ."

ನಾನು ಎಂತ ಹೇಳಿದೆ ಗೊತ್ತೇ? "ಎವಿಡೆನ್ಸ್ ಎಂತ ಉಂಟು? ಕಾಗದ ಉಂಟಾ?"

ಆಕೆ ನನ್ನ ಮುಖ ನೋಡಿ, "ನಾನುಂಟಲ್ಲ" ಎಂದಳು.

ಅಷ್ಟೇ. ತಡ್ಪೆ ಎತ್ತಿಕೊಂಡು ಒಳಗೆ ಹೋದಳು.

ಗಂಟೆ ಬಾರಿಸಿದಿರಾ ಜಯಪ್ಪನವರೇ? ಕೇಳಿಸಿತು. ಶಾಲು ಹೊದೆಸುವಾಗ ಹತ್ತು ನಿಮಿಷ ತಡ ಮಾಡಿದ್ದೀರಿ, ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿ.

ಹೋದ ಕಾರ್ತಿಕದಲ್ಲಿ ನನ್ನ ಮನೆಯವಳು ತೀರಿಕೊಂಡಳು. ನಾಲ್ಕು ದಿನದ ಜ್ವರ. ಈ ಸಭೆಯಲ್ಲಿ ಅದನ್ನು ಉದ್ದ ಮಾಡುವುದಿಲ್ಲ. ಈಗ ಚಹಾದ ಡಬ್ಬಿ ಎಲ್ಲಿ ಎಂದು ನನಗೆ ಗೊತ್ತು, ಸಕ್ಕರೆ ಎಲ್ಲಿ ಎಂದು ಗೊತ್ತಿಲ್ಲ. ಆದ್ದರಿಂದ ಬೆಲ್ಲ ಹಾಕಿ ಕುಡಿಯುತ್ತೇನೆ. ಏನು ಹೇಳುತ್ತಿದ್ದೆ? ಹಾಂ, ಆ ಏಳು ಹೆಸರು.

ಆಟಿಯಲ್ಲಿ ಒಂದು ಮಂಗಳವಾರ ನಮ್ಮಲ್ಲಿ ಕುಲೆಗಳಿಗೆ ಬಡಿಸುವುದುಂಟು. ಕುಲೆಗಳೆಂದರೆ ನಮ್ಮನ್ನು ಬಿಟ್ಟುಹೋದ ಹಿರಿಯರು. ಒಳಕೋಣೆಯಲ್ಲಿ ಸಾಲಾಗಿ ಕುಡಿ ಬಾಳೆಲೆ ಹಾಕಿ, ದೋಸೆ, ಕೋಳಿ ಸಾರು ಬಡಿಸಿ, ಒಂದೊಂದು ಎಲೆಯ ಮುಂದೆಯೂ ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಅವರ ಊಟ ಆಗಬೇಕಲ್ಲ. ನನ್ನ ಮನೆಯವಳು ಪ್ರತಿ ವರ್ಷ ಕಾವೂರಿನ ಕೆರೆಯ ಮೇಲಿನ ತನ್ನ ತಾಯಿಮನೆಗೆ ಹೋಗಿ ಏಳು ಎಲೆ ಹಾಕುತ್ತಿದ್ದಳು. ನಾನೂ ಹೋಗುತ್ತಿದ್ದೆ. ಮೂವತ್ತನಾಲ್ಕು ಆಟಿ! ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದೆ. ಒಳಗೆ ಏಳು ಹೆಸರು ಕರೆಯುವುದು ಕೇಳುತ್ತಿತ್ತು. ಕೇಳುತ್ತಿತ್ತು ಎಂದರೆ, ಕಿವಿಗೆ ಬೀಳುತ್ತಿತ್ತು.

ಈಗ ಆ ಎಲೆ ಹಾಕಬೇಕಾದವಳು ನನ್ನ ಮಗಳು ಹೇಮಾಕ್ಷಿ. ಆ ಕವಲಿನಲ್ಲಿ ಉಳಿದ ಒಬ್ಬಳೇ ಹೆಣ್ಣು. ಹೋದ ತಿಂಗಳು ಬಂದು ನನ್ನೆದುರು ಕೂತಳು. "ಅಪ್ಪಾ, ಅಮ್ಮ ಹೇಳ್ತಿದ್ದದ್ದು ನನಗೆ ಆರೇ ನೆನಪುಂಟು. ದುಗ್ಗು, ಮುದ್ದು, ಚೆನ್ನು, ಕಿನ್ನಿ, ಅಕ್ಕು, ಪೂವಕ್ಕೆ. ಏಳನೇದು ಯಾರದ್ದು? ನೀವು ಚರಿತ್ರೆ ಬರೆದವರಲ್ಲವಾ?"

ಸಭಿಕರೇ, ನನಗೆ ಎಫ್.ಎ. ಪರೀಕ್ಷೆಯ ಹಾಲ್ ನೆನಪಾಯಿತು.

"ಆರು ಎಲೆ ಹಾಕು" ಎಂದೆ.

"ಹಸಿದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸ್ಲಿಕ್ಕೆ ಆಗ್ತದಾ ಅಪ್ಪಾ?" ಎಂದಳು. ಸ್ವರ ಅವಳ ತಾಯಿಯದ್ದೇ.

ಅಂದಿನಿಂದ ಮತ್ತೆ ನಡೆಯತೊಡಗಿದೆ. ಅದೇ ಅಟ್ಟ, ಅದೇ ದಫ್ತರ. ಕಾವೂರಿನ ಆ ಮನೆಯ ಕಾಗದಗಳಲ್ಲಿ ಗದ್ದೆಯ ಹೆಸರುಂಟು, ಬಾವಿಯ ಬದಿಯ ಹಲಸಿನ ಮರದ ಲೆಕ್ಕವುಂಟು, ಹೆಂಗಸಿನ ಹೆಸರಿಲ್ಲ. ಮರಕ್ಕಿರುವ ಎವಿಡೆನ್ಸ್ ಅಜ್ಜಿಗೆ ಇಲ್ಲ.

ದಾರಿ ತೋರಿಸಿದ್ದು ಒಂದು ಒಣಮೀನು. ಬಂದರಿನಲ್ಲಿ ಇದಿನಬ್ಬನ ಅಂಗಡಿ ಉಂಟಷ್ಟೆ. ಆ ದಿನ ಅದರ ಎದುರು ಹಾದು ಹೋಗುವಾಗ ಕರೆದ.

"ಅಣ್ಣೆರೇ, ಅಕ್ಕ ಈ ಸಲ ಬರಲೇ ಇಲ್ಲ? ನಂಗು ಮೀನು ತೆಗೆದಿಟ್ಟಿದ್ದೇನೆ."

ಅವನಿಗೆ ಸುದ್ದಿ ತಿಳಿದಿರಲಿಲ್ಲ. ಹೇಳಿದೆ. ತಕ್ಕಡಿಯನ್ನು ಕೆಳಗೆ ಇಳಿಸಿಟ್ಟ. ಆಮೇಲೆ ಅವನೇ ಹೇಳಿದ: ಪ್ರತಿ ಆಟಿಗೆ ಅಕ್ಕ ಒಂದು ಹಿಡಿ ಒಣ ನಂಗು ಒಯ್ಯುತ್ತಿದ್ದರು, ಮನೆಗಲ್ಲ, ಕಾವೂರಿನ ಕೊನೆಯ ಎಲೆಗೆ. "ಯಾರಿಗೆ ಅಂತ ನಾನು ಕೇಳ್ಲಿಲ್ಲ ಅಣ್ಣೆರೇ. ನನ್ನ ಅಜ್ಜಿ ಕಾವೂರಿನವಳು, ಅವಳಿಗೆ ಗೊತ್ತುಂಟೋ ಏನೋ."

ಅವನ ಅಜ್ಜಿ ಆಸ್ಯಮ್ಮ. ವಯಸ್ಸು ಎಂಬತ್ತು ದಾಟಿದೆ. ಕಣ್ಣು ಕಾಣುವುದಿಲ್ಲ, ನಾಲಗೆಗೆ ಏನೂ ಆಗಿಲ್ಲ. ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಹೋಗಿ ಕುಳಿತೆ.

"ಒಣ ನಂಗಾ? ಅದು ನಿಮ್ಮ ಹೆಂಡತಿಯ ಮನೆಯ ಹೆರಿಗೆ ಅಜ್ಜಿಗೆ ಅಲ್ಲವಾ ಮಗಾ! ಕಾವೂರಿನಲ್ಲಿ ನಮ್ಮ ಬ್ಯಾರಿಗಳ ಮನೆಗೂ ಅವರೇ ಬರ್ತಿದ್ದದ್ದು. ನನ್ನನ್ನು ಹಿಡಿದು ಭೂಮಿಗೆ ತೆಗೆದದ್ದು ಅವರು. ನಮ್ಮಲ್ಲಿ ಬೇಯಿಸಿದ್ದು ತಿನ್ನುವ ಹಾಗಿಲ್ಲ, ಹಣ ಮುಟ್ಟುವುದಿಲ್ಲ. ಎಂತ ಕೊಡುವುದು? ನನ್ನ ಉಮ್ಮ ಒಂದು ಕಟ್ಟು ಒಣ ನಂಗು ಕೊಡ್ತಿದ್ದರು. ಅದೆಂದರೆ ಅವರಿಗೆ ಪ್ರಾಣ."

"ಅವರ ಹೆಸರೆಂತ ಆಸ್ಯಮ್ಮ?"

"ಅಜ್ಜಿ."

"ಹೆಸರು, ಹೆಸರು."

"ಅಜ್ಜಿ ಅಂತಲೇ ಮಗಾ ನಾವು ಕರೆಯುವುದು. ನಿಮ್ಮ ಅತ್ತೆ ದೊಡ್ಡಜ್ಜಿ ಅಂತಿದ್ದರು. ದೊಡ್ಡವರ ಹೆಸರು ಹಿಡಿದು ಕರೀಲಿಕ್ಕೆ ಉಂಟಾ? ನಮಗೆಂತ ಬುದ್ಧಿ ಇಲ್ಲವಾ?" ಎಂದು ನನಗೇ ಗದರಿಸಿದರು. ಆಮೇಲೆ, "ನೀವು ನಿಮ್ಮ ಹೆಂಡತಿಯನ್ನು ಹೆಸರು ಹಿಡಿದು ಕರೀತಿದ್ದಿರಾ?" ಎಂದು ಕೇಳಿದರು.

ನಾನು ಪೆನ್ಸಿಲನ್ನು ಕಿಸೆಗೆ ಹಾಕಿದೆ.

ಇಲ್ಲ. ಕರೆಯುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ "ಕೇಳಿತಾ" ಎಂದೆ, "ಓಯ್" ಎಂದೆ, ಮಕ್ಕಳಾದ ಮೇಲೆ "ಹೇಮನ ಅಮ್ಮ" ಎಂದೆ. ಮರ್ಯಾದಸ್ಥರ ಮನೆಯಲ್ಲಿ ಹಾಗೆಯೇ. ಎದುರಿನ ಬೆಂಚಿನಲ್ಲಿ ಕೂತ ಗಂಡಸರೇ, ನಿಮ್ಮಲ್ಲಿ ಎಷ್ಟು ಜನ ಕರೆಯುತ್ತೀರಿ? ಕೈ ಎತ್ತುವುದು ಬೇಡ. ಬದುಕಿದ್ದಾಗ ಮರ್ಯಾದೆಗೆ ಹೆಸರು ಕರೆಯುವುದಿಲ್ಲ, ಕಾಗದದಲ್ಲಿ ಹೆಂಗಸೆಂದು ಬರೆಯುವುದಿಲ್ಲ. ಸತ್ತ ಮೇಲೆ ವರ್ಷಕ್ಕೊಮ್ಮೆ ಒಂದು ಬಾಳೆಲೆಯ ಮುಂದೆ ಕರೆಯುತ್ತಾರೆ, ಅದೂ ಇನ್ನೊಬ್ಬಳು ಹೆಂಗಸೇ. ಅವಳೂ ಹೋದರೆ? ನಮ್ಮ ಮನೆತನಗಳ ದಫ್ತರವೆಲ್ಲ ಅವರ ಬಾಯಲ್ಲಿತ್ತು, ಸಭಿಕರೇ. ನಾನು ಬಜಪೆಯ ಅಟ್ಟದಲ್ಲಿ ಗೆದ್ದಲು ಕೊಡವುತ್ತಿದ್ದಾಗ ಆ ದಫ್ತರ ನನ್ನ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿತ್ತು.

ಎರಡನೆಯ ಗಂಟೆ. ಮುಗಿಸಿದೆ ಜಯಪ್ಪನವರೇ, ಮುಗಿಸಿದೆ. ಈಗ ಹೇಳುವುದನ್ನು ಮಾತ್ರ ವರದಿಯಲ್ಲಿ ಸರಿಯಾಗಿ ಬರೆದುಕೊಳ್ಳಿ.

ಪರದೆಯಾಚೆಯ ತಾಯಂದಿರೇ, ನಾನು ಶಾಲು ಹೊದೆಯಲಿಕ್ಕೆ ಒಪ್ಪಿದ್ದು ನಿಮ್ಮನ್ನು ಕೇಳಲಿಕ್ಕಾಗಿ. ಇಷ್ಟು ಮನೆಗಳ ಹೆಂಗಸರು ಒಂದೇ ಕಡೆ ಕೂಡುವುದು ವರ್ಷಕ್ಕೊಮ್ಮೆ, ಇಲ್ಲಿ. ನಿಮ್ಮಲ್ಲಿ ಯಾರ ತಾಯಿ, ಯಾರ ಅಜ್ಜಿ ಕಾವೂರಿನಲ್ಲಿ ಹುಟ್ಟಿದವರು? ಕೆರೆಯ ಮೇಲಿನ ಮನೆಯ ಹೆರಿಗೆ ಅಜ್ಜಿಯ ಕೈಯಲ್ಲಿ ಹುಟ್ಟಿದವರು? ಆ ಅಜ್ಜಿಗಿಂತ ಹಿರಿಯಳಾದ ಯಾವಳಾದರೂ ಒಬ್ಬಳು ಅವಳನ್ನು ಹೆಸರು ಹಿಡಿದು ಕೂಗಿರಲೇಬೇಕು. ಆ ಕೂಗು ನಿಮ್ಮ ಮನೆಯ ಯಾರದೋ ಬಾಯಲ್ಲಿ ಉಳಿದಿರಬಹುದು. ಮನೆಗೆ ಹೋಗಿ ಮೂಲೆಯಲ್ಲಿ ಕೂತ ಮುದುಕಿಯರನ್ನು ಕೇಳಿ. ಕಾಗದ ಬೇಡ. ಎವಿಡೆನ್ಸ್ ಬೇಡ. ಬಾಯಿಮಾತು ಸಾಕು.

ಬಡಿಸುವುದು ಬರುವ ಮಂಗಳವಾರದ ಆಚೆಯ ಮಂಗಳವಾರ. ಇನ್ನು ಹನ್ನೊಂದು ದಿನ ಉಂಟು. ಪ್ರತಿ ಸಂಜೆ ನಾಲ್ಕರಿಂದ ದೀಪ ಹಚ್ಚುವ ತನಕ ನಾನು ಈ ವಾಚನಾಲಯದ ಬಾಗಿಲಲ್ಲಿ ಕುಳಿತಿರುತ್ತೇನೆ. ಈ ವರ್ಷ ಸಿಗದಿದ್ದರೆ ಬರುವ ವರ್ಷವೂ ಕುಳಿತಿರುತ್ತೇನೆ. ಕಾವೂರಿನಲ್ಲಿ ನಲ್ವತ್ತು ಮನೆ ಬಾಕಿ ಉಂಟು. ಕಾಲು ಇನ್ನೂ ಗಟ್ಟಿ ಉಂಟು. ನನ್ನ ಪುಸ್ತಕವನ್ನು ಅಲ್ಲಿಯ ತನಕ ಕಪಾಟಿನಲ್ಲಿ ಇಡಬೇಡಿ. ಹಿಂದೆ ಹಾಳೆ ಹೊಲಿಯಲಿಕ್ಕುಂಟು. ನನ್ನ ಬಳಿಯ ಹತ್ತು ಹೆಂಗಸರಲ್ಲಿ ಮೂವರು ನನ್ನ ಅಕ್ಕನ ಬಾಯಿಂದ ಈಗಾಗಲೇ ಸಿಕ್ಕಿದ್ದಾರೆ.

ಪ್ರೊಫೆಸರರ ವಾಕ್ಯವನ್ನೂ ನಾನೇ ಮುಗಿಸಿದ್ದೇನೆ. ವಾಟ್ ಈಸ್ ನಾಟ್ ರಿಟನ್, ಮಸ್ಟ್ ಬಿ ಆಸ್ಕ್ಡ್. ಗ್ರಾಮರ್ ತಪ್ಪಿದ್ದರೆ ವಕೀಲರು ತಿದ್ದಲಿ.

ಹೆಸರು ಸಿಗಲಿ, ಸಿಗದಿರಲಿ, ಏಳನೆಯ ಎಲೆ ಬೀಳುತ್ತದೆ. ಇದಿನಬ್ಬ ನಂಗು ಕೊಟ್ಟಿದ್ದಾನೆ. ಹೇಮಾಕ್ಷಿ ಆ ಎಲೆಯ ಮುಂದೆ "ಊರನ್ನೇ ಹಿಡಿದು ತೆಗೆದ ಅಜ್ಜೀ, ಬನ್ನಿ" ಎಂದು ಕರೆಯುತ್ತಾಳೆ.

ಈ ವರ್ಷ ಎಂಟನೆಯದೂ ಒಂದು ಎಲೆ ಉಂಟು. ಅದರ ಹೆಸರು ಯಾರೂ ಯಾರನ್ನೂ ಕೇಳುವ ಹಾಗೆ ಆಗಬಾರದು. ಜಯಪ್ಪನವರೇ, ಗಂಟೆ ಕೆಳಗಿಟ್ಟು ಲೇಖನಿ ಎತ್ತಿಕೊಳ್ಳಿ. ಬರೆಯಿರಿ. ಕಾವೂರಿನ ಕೆರೆಯ ಮೇಲಿನ ಮನೆಯ ಪೂವಕ್ಕೆಯ ಮಗಳು, ಹೇಮಾಕ್ಷಿಯ ತಾಯಿ. ಹೆಸರು ಬಾಗಿ.

ಬಾಗಿ.

ಇಷ್ಟು ದೊಡ್ಡ ಸ್ವರದಲ್ಲಿ ನಾನು ಅದನ್ನು ಹೇಳಿದ್ದು ಇದೇ ಮೊದಲು. ಕೇಳಿಸಿಕೊಂಡ ನಿಮಗೆಲ್ಲ, ಮುಖ್ಯವಾಗಿ ಪರದೆ ಸರಿಸಿದ ಆ ತಾಯಿಗೆ, ನನ್ನ ಉಪಕಾರ ಸ್ಮರಣೆ. ಬಾಗಿಲ ಬಳಿ ಕಾಯುತ್ತಿರುತ್ತೇನೆ. ನಮಸ್ಕಾರ.