ಟೇಪ್ ಸುತ್ತಿದ ಸ್ಕೋಪ್

ಅಂದು ಬಸ್ಸಿನ ಸರದಿಯಲ್ಲಿ ಅತ್ಯಂತ ಗಂಭೀರವಾದ ವ್ಯವಹಾರವೊಂದು ನಡೆಯಿತು: ಒಂದು ಹಳೆಯ ಸ್ಕೋಪಿನ ಮಾರಾಟ. ಸ್ಕೋಪ್ ಎಂದರೆ ಗುರಿಕಾರರ ರೈಫಲ್ಲಿನ ಮೇಲೆ ಕೂರುವ ದುರ್ಬೀನು ಎಂಬುದು ಹಿಂದೆ ನಿಂತಿದ್ದ ದರ್ಜಿಗೆ ಅವರ ಮಾತಿನಿಂದಲೇ ತಿಳಿಯಿತು. ಮಾರುವವನು ನರೆತ ಮೀಸೆಯವ, ನಿಂತಲ್ಲಿ ನಿಲ್ಲಲಾರದವ. ಕೊಳ್ಳುವವಳು ಅವನದೇ ರೈಫಲ್ ಕ್ಲಬ್ಬಿನ ಹುಡುಗಿ.

“ಅರ್ಧ ಬೆಲೆಗೆ ಯಾಕೆ ಅಂಕಲ್? ಇದು ನಿಮ್ಮ ಪ್ರಾಣ ಅಲ್ವಾ?”

“ಗಾಜು ಮಂಜಾಗಿದೆಯಮ್ಮ, ಮುಚ್ಚಿಡಲ್ಲ. ಇದರ ದೆಸೆಯಿಂದ ಮೂರು ಪಂದ್ಯ ಹೋಯ್ತು. ಇನ್ನು ರೈಫಲ್ಲೂ ಸಾಕು, ಕ್ಲಬ್ಬೂ ಸಾಕು.”

ಅವಳು ಸ್ಕೋಪನ್ನು ಎದುರಿನ ಅಂಗಡಿಯ ಬೋರ್ಡಿನತ್ತ ಹಿಡಿದು ನೋಡಿದಳು.

“ಕಣ್ಣಿನ ಕಡೆ ಇರೋ ಫೋಕಸ್ ರಿಂಗಿಗೆ ಟೇಪ್ ಯಾಕೆ?”

“ತಗೊಂಡ ದಿನ ನನ್ನ ಕಣ್ಣಿಗೆ ಹೊಂದಿಸಿ ಸುತ್ತಿದ್ದು. ಹನ್ನೊಂದು ವರ್ಷ ಆಯ್ತು, ಕೂದಲೆಳೆಯಷ್ಟೂ ಅಲ್ಲಾಡಿಲ್ಲ!”

“ರಿಂಗ್ ಅಲ್ಲಾಡಿಲ್ಲ, ಸರಿ. ಕಣ್ಣು?”

ದರ್ಜಿ ತನ್ನ ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡ. ಅವಳು ಟೇಪ್ ಕಿತ್ತಳು.

“ನೀವು ನೋಡ್ತಾ ಇರಿ, ನಾನು ತಿರುಗಿಸ್ತೀನಿ.”

“ತಡಿ, ತಡಿ... ಅಲ್ಲೇ! ಅಯ್ಯೋ, ಬೋರ್ಡಿನ ಮೊಳೆ ಕೂಡ ಕಾಣ್ತಿದೆ!”

“ಮಂಜು?”

“ಇಲ್ಲವೇ ಇಲ್ಲ! ನೀನು ಬಾಯಿ ಮುಚ್ಕೊಂಡು ಅರ್ಧ ಬೆಲೆಗೆ ತಗೊಂಡು ಹೋಗಬಹುದಿತ್ತಲ್ಲಮ್ಮ.”

“ಹೋಗಬಹುದಿತ್ತು. ಭಾನುವಾರದ ಪಂದ್ಯದಲ್ಲಿ ನಿಮ್ಮ ಖಾಲಿ ಜಾಗದ ಪಕ್ಕ ನಿಂತು ಗೆದ್ದರೆ ಏನು ಮಜಾ?”

ಬಸ್ಸು ಬಂತು. ಹುಡುಗಿ ಬರಿಗೈಯಲ್ಲಿ ಹತ್ತಿದಳು. ಸ್ಕೋಪ್ ಮಾರಾಟವಾಗಲಿಲ್ಲ.