ಹೆವಿ ಲೈಸೆನ್ಸಿಗೆ ಹೊರಟವರು

೧೯೮೬ರ ಬೇಸಿಗೆ. ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಆಳಂದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಅತನೂರಿನ ಗಂಡ ಹೆಂಡತಿ ಕುಳಿತಿದ್ದರು. ಹೆಂಡತಿಯೇ ಗಂಡನೊಡನೆ ಮಾತು ತೆಗೆದಳು.

“ಗುಲಬರ್ಗಾಕ್ಕ ಲಾರಿ ಖರೇನ ಬರ್ತದೇನ್ರಿ?”

“ಬರ್ತದ ದ್ರೌಪದಿ. ಹೆವಿ ಲೈಸೆನ್ಸಿನ ಟೆಸ್ಟಿಗಿ ನನ್ನ ಲಾರಿನೇ ತಗೋ ಅಂತ ಸಾವ್ಕಾರ್ರು ಅಂದಾರ. ಎರಡು ವರ್ಷ ಬರೇ ಊಟದ ಮ್ಯಾಲ ಕ್ಲೀನರ್ ಕೆಲಸ ಮಾಡಿ ಸ್ಟೇರಿಂಗ್ ಕಲತೇನಿ. ಡ್ರೈವಿಂಗ್ ಸ್ಕೂಲಿಗಿ ಕೊಡಾಕ ನಮ್ಮ ಬಲ್ಲಿ ಏನದ?”

“ನಿಮ್ಮ ಕೈ ಮ್ಯಾಲ ಭರೋಸಾ ಅದ. ನನಗ ಕಣ್ಣಿಂದೇ ಚಿಂತಿ.”

“ಸುಮ್ನಿರು, ಮಂದಿ ಕೇಳ್ತಾರ. ಏಳು, ನಮ್ಮ ಬಸ್ ಬಂತು.”

“ಕೂಡ್ರಿ. ಅದು ಜೇವರ್ಗಿಗಿ ಹೋಗೋದು.”

ಅವನು ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದ.

“ಬೋರ್ಡಿನ ಮ್ಯಾಲ ಧೂಳ ಕುಂತದ.”

“ಸೊನ್ನದ ಹಾದ್ಯಾಗ ಲಾರಿಗಿ ಅಡ್ಡ ಬಂದ ಎಮ್ಮಿ ಕಾಣಲಿಲ್ಲ ಅಂದ್ರಿ. ಅದರ ಮ್ಯಾಲೂ ಧೂಳ ಕುಂತಿತ್ತೇನು?”

“ಚಷ್ಮಾ ಹಾಕ್ಕೊಂಡವಗ ಯಾರು ಲಾರಿ ಕೊಡ್ತಾರ?”

“ಕಾಣಲಾರದವಗ ಕೊಡ್ತಾರೇನ್ರಿ? ಎದುರ ಬರೋ ಗಾಡ್ಯಾಗೂ ಮಂದಿ ಇರ್ತಾರ. ಮೊದಲ ಕಣ್ಣ ತೋರಸ್ರಿ.”

“ಇವತ್ತ ಟೆಸ್ಟ್ ತಪ್ಪಿದ್ರ ಸಾವ್ಕಾರ್ರು ಇನ್ನೊಮ್ಮಿ ಲಾರಿ ಕಳಸಾಂಗಿಲ್ಲ.”

“ನಾ ಅವರ ಮನಿಗಿ ಹೋಗಿ ಕೇಳ್ತೇನಿ. ಅದೂ ಆಗ್ಲಿಲ್ಲಂದ್ರ ಇಷ್ಟ ದಿನ ಮಾಡಿದಂಗ ಮತ್ತ ಎರಡು ವರ್ಷ ನಾನೇ ಕೂಲಿ ಮಾಡಿ ಮನಿ ನಡಸ್ತೇನಿ.”

ಸ್ವಲ್ಪ ಹೊತ್ತಿಗೆ ಗುಲಬರ್ಗಾ ಬಸ್ಸು ಬಂತು. ಈ ಸಲ ಅವನು ಬೋರ್ಡಿನ ಕಡೆಗೆ ನೋಡಲಿಲ್ಲ, ಹೆಂಡತಿಯ ಮುಖ ನೋಡಿದ.

“ಇದೇ ಏನು?”

“ಇದೇ ನೋಡ್ರಿ.”

“ಕಣ್ಣಿನ ದವಾಖಾನಿ ಎಷ್ಟೊತ್ತಿಗಿ ತೆಗೀತಾರ?”

“ನನಗೇನ್ ಗೊತ್ರಿ. ಇಳದು ಕೇಳಮು, ನಡೀರಿ.”