ಬಾವಿಕಟ್ಟೆಯ ಅತ್ತಿಮರದ ಮೊಳೆ

ನಮ್ಮ ದೊಡ್ಡಮ್ಮನ ಮಗ ಝೆನ್‌ಹುಮ್ ಅವತ್ತು ಕೊನೇ ಆಟ ಮುಗಿಸಿ, ದಮನ್‌ಹೂರಿನ ಟಾಕೀಸಿಗೆ ಬೀಗ ಜಡಿದು, ಕಾಲುವೆ ದಾರಿಯಲ್ಲಿ ಮನೆಗೆ ಬರ್ತಿದ್ದ. ಒಬ್ಬನೇ. ಚಪ್ಪಲಿ ಸದ್ದು ಚಟ್... ಪಟ್... ಚಟ್... ಪಟ್. ಹಾಳುಬಾವಿ ಹತ್ತಿರ, ಅತ್ತಿಮರದ ಕೆಳಗೆ, ಒಂದು ಚಟ್ ಹೆಚ್ಚಾಯ್ತು. ಅವನು ನಿಂತ. ಅದು ನಿಲ್ಲಲಿಲ್ಲ...

ತಾಳಿ, ಮೊದಲು ಮೊಳೆ ವಿಷಯ ಹೇಳಬೇಕು. ಇಲ್ಲಿಗೇ ನಿಲ್ಲಿಸಿದೆ ಅಂತ ಬೈಬೇಡಿ. ಹೀಗೆ ನಿಲ್ಲಿಸೋದನ್ನ ನನಗೆ ಕಲಿಸಿದ್ದೇ ಅವನು.

ಝೆನ್‌ಹುಮ್ ಪ್ರೊಜೆಕ್ಟರ್ ಓಡಿಸ್ತಾನೆ. ನಮ್ಮ ಮೂರನೇ ಕ್ಲಾಸು ಟಿಕೆಟ್ಟಿನ ಜನ ಗೊತ್ತಲ್ಲ, ಹೀರೋಯಿನ್ ಅಳೋಕೆ ಶುರು ಮಾಡಿದರೆ ಅರ್ಧ ಬೆಂಚು ಎದ್ದು ಉಚ್ಚೆಗೆ ಹೋಗುತ್ತೆ. ಚೂರಿ ಬಂದರೆ ಮಾತ್ರ ಹೊಟ್ಟೆ ಒಡೆದರೂ ಏಳಲ್ಲ. "ಮೊದಲು ಮುಖ. ಆಮೇಲೆ ಚೂರಿ. ಮತ್ತೆ ಮುಖ, ಮತ್ತೆ ಚೂರಿ... ಬರಬರ್ತಾ ಬೇಗ ಬೇಗ. ಚೂರಿ ಮೇಲೆ ಹೋಯ್ತಾ? ಹಾಕು ಲೈಟು, ಇಂಟರ್ವಲ್! ಅವರು ಚಾ ಕುಡೀತಿದ್ದರೂ ಜೀವ ಚೂರಿ ತುದೀಲೇ ನೇತಾಡ್ತಿರುತ್ತೆ" ಅಂತಾನೆ.

ಹೋದ ವರ್ಷ ಅಂಥದೇ ಇಂಟರ್ವಲ್‌ನಲ್ಲಿ ಕಟುಕ ಬಯ್ಯೂಮಿ ಮಾವನನ್ನ ಯಾರೋ ಹೊರಗೆ ಕರೆದರು. ಹಳೇ ಕೊಲೆಯ ಸೇಡು. ಬಾವಿ ಹತ್ತಿರ ಹೊಟ್ಟೆ ಸೀಳಿಬಿಟ್ಟರು. ಮಾವ ಕರುಳು ಕೈಲಿ ಹಿಡ್ಕೊಂಡು ಟಾಕೀಸಿನ ಕಡೆಗೇ ತೆವಳಿದ್ದನಂತೆ. ರಕ್ತ ಬಿದ್ದ ಜಾಗದಿಂದ ಅಫ್ರೀತ್ ದೆವ್ವ ಏಳಬಾರದು ಅಂತ ಹಿರಿಯರು ಅತ್ತಿಬೇರಿಗೆ ಹೊಸ ಮೊಳೆ ಹೊಡೆದರು.

ಈ ಹಬ್ಬಕ್ಕೆ, ಮಾವ ಅರ್ಧಕ್ಕೇ ಎದ್ದುಹೋಗಿದ್ದ ಅದೇ ಸಿನಿಮಾ ಮತ್ತೆ ಬಂತು. ಚೂರಿ ಮೇಲೆತ್ತಿದ ಹೊತ್ತಿಗೇ ಇಂಟರ್ವಲ್. ಮುಂದಿನ ರೀಲು ಹಾಕೋವಾಗ ಅದನ್ನ ಹಿಡಿಯೋ ಕಡ್ಡಿ ಟಕ್ ಅಂತ ಮುರೀತು.

"ಸಿನಿಮಾ ಬುರ್ನಾಸು! ವಾಪಸ್ ಕೊಡ್ರೋ ಕಾಸು!"

ಬೆಂಚು ಕಿತ್ತರು. ಗೇಟ್ ಕಾಯೋನ ಹಲ್ಲು ಉದುರಿಸಿದರು. ಮುಂದಿನ ಸರದಿ ತನ್ನದೇ ಅಂತ ಝೆನ್‌ಹುಮ್ ಹಿಂಬಾಗಿಲಿಂದ ಓಡಿದ. ಕತ್ತಲಲ್ಲಿ ಬೇರೆ ಕಬ್ಬಿಣ ಎಲ್ಲಿ ಸಿಗುತ್ತೆ? ಬಾವಿ ಹತ್ತಿರ ಹೋಗಿ ಅತ್ತಿಬೇರಿನ ಆ ಮೊಳೆಗೇ ಇಕ್ಕಳ ಹಾಕಿದ. ಕಿರ್ರ್ರ್... ಅಂತ ಬಂತು. ಕಡ್ಡಿ ಬದಲು ಅದನ್ನೇ ಸಿಕ್ಕಿಸಿದ. ರೀಲು ಓಡ್ತು, ಜನ ತೆಪ್ಪಗಾದರು. ಆಟ ಮುಗಿದ ಮೇಲೆ ಮೊಳೆಯನ್ನ ಮಷೀನಲ್ಲೇ ಬಿಟ್ಟು ಹೊರಟ.

ಈಗ ಬಾವಿ ಹತ್ತಿರ... ಚಟ್. ಆಮೇಲೆ ಒದ್ದೆ ಸದ್ದು. ಪಚಕ್... ಪಚಕ್.

"ಝೆನ್‌ಹುಮ್..."

"ಯಾ... ಯಾರು?"

"ಆಮೇಲೆ ಏನಾಯ್ತೋ?"

ಬಯ್ಯೂಮಿ ಮಾವ. ಒಂದು ಕೈ ಹೊಟ್ಟೆ ಮೇಲೆ.

"ಮಾವಾ... ನೀವು ಸತ್ತಿದ್ದೀರಿ."

"ಅದು ನನಗೆ ಗೊತ್ತು ಕಣೋ ಕತ್ತೆ. ಚೂರಿ ಎತ್ತಿದ್ದನಲ್ಲ. ಆಮೇಲೆ?"

"ಹೇಳಿದರೆ ಬಿಟ್ಟುಬಿಡ್ತೀರಾ?"

"ಹೇಳು ಮೊದಲು."

ಇಲ್ಲೊಂದು ಸುಳ್ಳು ಹೊಸೆದಿದ್ದರೆ ತಪ್ಪಿಸ್ಕೋತಿದ್ದ. ನಾನಾಗಿದ್ದರೆ ಹೊಸೀತಿದ್ದೆ. ಅವನು ನಿಜ ಹೇಳಿಬಿಟ್ಟ.

"ಆಮೇಲೆ... ಪಾರಿವಾಳ ಹಾರ್ತವೆ ಮಾವ."

"ಚೂರಿ?"

"ಬೀಳೋದು ತೋರಿಸಲ್ಲ. ರೆಕ್ಕೆ ಪಟಪಟ ಅಂತವೆ, ಅಷ್ಟೇ. ಮಿಕ್ಕಿದ್ದು ನಾವೇ ಅಂದ್ಕೋಬೇಕು. ಅದೇ ಅದರ ಚಂದ."

ಮಾವ ಹತ್ತಿರ ಬಂದ. ಬಾವಿಯೊಳಗೆ ತೊಟ್... ತೊಟ್...

"ನನಗೆ ಯಾವ ಪಾರಿವಾಳಾನೂ ಹಾರಲಿಲ್ಲ ಕಣೋ" ಅಂದ. "ಬಾ. ಪೂರ್ತಿ ತೋರಿಸ್ತೀನಿ."

ಝೆನ್‌ಹುಮ್‌ನ ಎಡ ಅಂಗೈಯನ್ನ ಅತ್ತಿಬೇರಿಗೆ ಒತ್ತಿ ಹಿಡಿದ. ಮೊದಲು ಮುಖ ತಂದ, ಮೂಗಿಗೆ ಮೂಗು. ಆಮೇಲೆ ಕೈ ಎತ್ತಿದ. ಮತ್ತೆ ಮುಖ. ಮತ್ತೆ ಕೈ. ಮುಖ, ಕೈ, ಮುಖ, ಕೈ... ಬೇಗ ಬೇಗ. ಝೆನ್‌ಹುಮ್ ಕಣ್ಣು ಮುಚ್ಚೋಕೆ ನೋಡಿದ. ರೆಪ್ಪೆ ಬೀಳಲಿಲ್ಲ.

ಈ ಸಲ ಇಂಟರ್ವಲ್ ಇರಲಿಲ್ಲ. ಕಚಕ್.

ಬೆಳಗಿನ ಆಜಾನ್ ಹೊತ್ತಿಗೆ ನಾವು ಹುಡುಕ್ಕೊಂಡು ಹೋದಾಗ ಅವನ ಕೈ ಬೇರಿಗೆ ಜಡಿದಿತ್ತು. ಅದೇ ಮೊಳೆ. ಕೀಳುವಾಗ ಮೂಳೆ ಕರಕರ ಅಂತು, ಅವನು ಮಾತ್ರ "ಪಾರಿವಾಳ, ಪಾರಿವಾಳ" ಅಂತಿದ್ದ. ಟಾಕೀಸಿನ ಬೀಗ ಹಾಕಿದ ಹಾಗೇ ಇತ್ತು. ಬೀಗದ ಕೈ ಅವನ ಜೇಬಲ್ಲೇ ಇತ್ತು.

ನಾನು ಊರಿಗೆಲ್ಲ ಬುರುಡೆ ಬಿಡೋನು, ಒಪ್ಪಿದೆ. ಇದು ಬುರುಡೆಯಲ್ಲ, ಆಮೇಲೆ ಅವನೇ ಹೇಳಿದ್ದು. ಮೊಳೆ ಕಿತ್ತ ಕೈ ನಂದೇ. ಮಂಜು ಬೀಳ್ತಿತ್ತು, ಬೇರು ತಣ್ಣಗಿತ್ತು... ಮೊಳೆ ಬಿಸಿಯಿತ್ತು. ಓಡ್ತಿರೋ ಮಷೀನಿಂದ ಈಗಷ್ಟೇ ತೆಗೆದಷ್ಟು ಬಿಸಿ.